ಅಮ್ಮನಿಗೆ ಶಾಕ್ ಹೊಡೆದ ನಮ್ಮ ಡಿಸೈನರ್ ಲ್ಯಾಂಪು

ಹೊಸ ಮನೆಗೆ ಅಂತ ಫ್ಲೋರ್ ಲ್ಯಾಂಪ್ ಹುಡುಕುತ್ತಿದ್ದೀರಾ? ಅದರಲ್ಲೂ ನಮ್ಮ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರಾ? ಇದನ್ನು ಓದಿ ಆಮೇಲೆ ಆರ್ಡರ್ ಮಾಡಿ.

ಮೇ ತಿಂಗಳಲ್ಲಿ ನಮ್ಮ ಗೃಹಪ್ರವೇಶ ಆಯಿತು. ಹಾಲಿನ ಮೂಲೆ ಖಾಲಿ ಕಾಣುತ್ತದೆ ಅಂತ ಆನ್‌ಲೈನ್‌ನಲ್ಲಿ 6,499 ರೂಪಾಯಿ ಕೊಟ್ಟು ತರಿಸಿದೆ. ಒಂದೇ ಕಂಬದಲ್ಲಿ ದೀಪ, ಮೂರು ಶೆಲ್ಫು, ಮೊಬೈಲ್ ಇಟ್ಟರೆ ಸಾಕು ಚಾರ್ಜ್ ಆಗುವ ಜಾಗ, ಎರಡು ಯುಎಸ್‌ಬಿ, ಸಾಲದ್ದಕ್ಕೆ ಬ್ಲೂಟೂತ್ ಸ್ಪೀಕರ್. ಕಾಫಿ ಒಂದು ಮಾಡಿಕೊಡುತ್ತಿರಲಿಲ್ಲ. 'ವುಡನ್ ಫಿನಿಶ್' ಅಂತ ಬರೆದಿತ್ತು. ಬೀಟೆ, ಹೊನ್ನೆ, ಹಲಸು ನೋಡಿ ಬೆಳೆದ ನಾನು ಫೋಟೋ ನೋಡಿ ಮರ ಅಂದುಕೊಂಡೆ. ಬಂದದ್ದು ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಹಾಕಿ ಒತ್ತಿದ ಹಲಗೆ. ಮೇಲೊಂದು ಮರದ ಚಿತ್ರದ ಹಾಳೆ.

ಆರಿದ್ರೆ ಮಳೆವರೆಗೆ ಚೆನ್ನಾಗಿಯೇ ಇತ್ತು. ಪುನರ್ವಸು ಹಿಡಿಯಿತು ನೋಡಿ, ಬುಡದ ಹಲಗೆ ಕಾಫಿಗೆ ಅದ್ದಿದ ರಸ್ಕಿನ ಹಾಗೆ ಉಬ್ಬಿತು. ಶೆಲ್ಫಿಗೆಲ್ಲ ಬೂಷ್ಟು. ಕಬ್ಬಿಣದ ಕಂಬ ಒಂದು ಕಡೆ ವಾಲಿತು. ಪೇಪರ್ ಮಡಿಸಿ ಬುಡಕ್ಕೆ ಇಟ್ಟು ಸುಮ್ಮನಾದೆ. ಅಲ್ಲೇ ನಾನು ತಪ್ಪಿದ್ದು.

ಅಕ್ಟೋಬರ್, ಚಿತ್ತೆ ಮಳೆ. ಗುಡುಗು ಶುರುವಾದರೆ ಮೊದಲು ಪ್ಲಗ್ ಕೀಳುವವರು ನಾವು, ಅಲ್ವಾ? ಅಮ್ಮ ಅದಕ್ಕೇ ಎದ್ದು ಹೋದರು. ಲ್ಯಾಂಪಿನ ಪ್ಲಗ್ ಸೋಫಾ ಹಿಂದೆ. ಬಗ್ಗುವಾಗ ಆಸರೆಗೆ ಕಂಬ ಹಿಡಿದರು. ಕೂಗು ಕೇಳಿ ಓಡಿ ಬಂದರೆ ಅಮ್ಮ ಕೈ ಒತ್ತಿಕೊಂಡು ಕೂತಿದ್ದರು. ಮೊಣಕೈವರೆಗೆ ಜೋಮು, ಮಾತೇ ಹೊರಡುತ್ತಿಲ್ಲ. ಡಾಕ್ಟರಿಗೆ ತೋರಿಸಿದೆವು, ಏನೂ ತೊಂದರೆ ಆಗಿಲ್ಲ.

ಮಾರನೇ ದಿನ ಎಲೆಕ್ಟ್ರಿಷಿಯನ್ ಬಂದು ಕಂಬಕ್ಕೆ ಟೆಸ್ಟರ್ ಇಟ್ಟರೆ ಟೆಸ್ಟರಿನ ದೀಪ ಹತ್ತಿತು. ಬಿಚ್ಚಿ ತೋರಿಸಿದರು. ಕಂಬ ವಾಲಿದಾಗ ಅದರ ಚೂಪಾದ ಅಂಚು ವೈರಿನ ಮೇಲೆ ಕೂತು ಸಿಪ್ಪೆ ಕೊಯ್ದಿತ್ತು. ಪ್ಲಗ್‌ಗೆ ಮೂರು ಪಿನ್ ಇದೆ, ಆದರೆ ವೈರ್ ಒಳಗೆ ಎರಡೇ ಎಳೆ! ಅರ್ಥಿಂಗಿಗೆ ಇರುವ ದಪ್ಪ ಪಿನ್ ಸುಮ್ನೆ ಶೋಕಿಗೆ. ಕಂಬಕ್ಕೆ ಅರ್ಥಿಂಗ್ ಕೊಟ್ಟಿದ್ದರೆ ಸೋರಿದ ಕರೆಂಟಿನ ಹೆಚ್ಚಿನ ಪಾಲು ಆ ವೈರಿನಲ್ಲಿ ಭೂಮಿಗೆ ಇಳಿಯುತ್ತಿತ್ತು. "ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಬಚಾವ್ ಮಾರಾಯ್ರೆ" ಅಂದರು. ನೆಲ ಥಂಡಿ ಅಂತ ಅಮ್ಮ ಮನೆಯೊಳಗೂ ಹಾಕುವ ಚಪ್ಪಲಿ ಅದು. ನಾನೋ, ಯಾವಾಗಲೂ ಬರಿಗಾಲು.

ಎರಡೇ ಎಳೆಯ ವೈರ್ ಎಲ್ಲ ಕಡೆ ತಪ್ಪಲ್ಲ. ಡಬಲ್ ಇನ್ಸುಲೇಶನ್, ಅಂದರೆ ಕರೆಂಟ್ ಹೊರಗೆ ಬಾರದಂತೆ ಎರಡು ಪದರದ ರಕ್ಷಣೆ ಇರುವ ಸಾಮಾನಿಗೆ ಅದು ನಡೆಯುತ್ತದೆ. ಅದರ ಮೇಲೆ ಚೌಕದೊಳಗೊಂದು ಚೌಕದ ಗುರುತು ಇರುತ್ತದೆ. ನಮ್ಮದರಲ್ಲಿ ಆ ಗುರುತೂ ಇಲ್ಲ, ಅರ್ಥಿಂಗೂ ಇಲ್ಲ. ಪೆಟ್ಟಿಗೆ ಮೇಲೆ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ ಇರಲೇಬೇಕು. ಅದೂ ಇರಲಿಲ್ಲ. ಇದನ್ನೆಲ್ಲ ನೋಡಿದ್ದು ಶಾಕ್ ಹೊಡೆದ ಮೇಲೆ, ಬಿಡಿ.

ಮಾರಿದವರ ಉತ್ತರ: ವಾಪಸ್ ಮಾಡುವ 7 ದಿನ ಮುಗಿದಿದೆ, ತೇವ ತಾಗಿದರೆ ವಾರಂಟಿ ಇಲ್ಲ. ಮಲೆನಾಡಲ್ಲಿ ತೇವ ತಾಗದ ವಸ್ತು ಯಾವುದಿದೆ ಸ್ವಾಮಿ? ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮನೆಗೆ ಹಾಕಿಸಿದೆ. ಮನೆ ಕಟ್ಟುವಾಗ ಖರ್ಚು ಜಾಸ್ತಿ ಅಂತ ಬಿಟ್ಟಿದ್ದು ಅದನ್ನೇ.

ದುಡ್ಡು ಇನ್ನೂ ಬಂದಿಲ್ಲ. ಲ್ಯಾಂಪು ಈಗ ಅಡಿಕೆ ಶೆಡ್ಡಿನಲ್ಲಿದೆ. ಯಾರೂ ಎತ್ತಿಕೊಂಡು ಹೋಗಿ ಪ್ಲಗ್ ಹಾಕದಿರಲಿ ಅಂತ ವೈರನ್ನು ಬುಡದಲ್ಲೇ ಕತ್ತರಿಸಿ ಇಟ್ಟಿದ್ದೇನೆ.