ಬೆಳಗಾವಿಯೊಳಗ ಮನಿ ಮಾರಾಕ ಇಟ್ಟಾವ್ರು ಓದ್ರಿ: "ಮನಿ ರೆಡಿ ಮಾಡಿ ಮಾರಿಸ್ತೀವಿ" ಅನ್ನೂ ಏಜೆಂಟ್‌ಗೆ ರಿಪೇರಿ ಕೆಲಸ ಕೊಡಬ್ಯಾಡ್ರಿ

ಹಳೇ ಮನಿ ಮಾರಬೇಕಂತ ಇರಾವ್ರು ದಯವಿಟ್ಟು ಪೂರಾ ಓದ್ರಿ, ಉದ್ದ ಆಗೇತಿ ಖರೆ ಆದ್ರ ಓದ್ರಿ. ಮನಿ ಮಾರಿಸಿ ಕೊಡೂ ಏಜೆಂಟ್‌ನ "ಪೇಂಟ್, ರಿಪೇರಿ ಎಲ್ಲಾ ನಮ್ಮ ಹುಡುಗುರ ಮಾಡ್ತಾರ, ನೀವು ಚಾವಿ ಕೊಟ್ಟು ಆರಾಮ ಇರ್ರಿ" ಅಂದ್ರ ಅಲ್ಲೇ ನಿಲ್ಲಸ್ರಿ. ನಮ್ಮ 4 ಲಕ್ಷ 35 ಸಾವಿರ ರೂಪಾಯಿ ಹೋಗೇತಿ. ರೊಕ್ಕದ ಮಾತು ಒಂದ ಕಡೆ ಇರ್ಲಿ, ಮನಿ ನೋಡಾಕ ಬಂದ ಮಂದಿ ಮುಂದ ನಮ್ಮ ಅವ್ವ ಮೋಸಗಾರರಂಗ ತಲಿ ತಗ್ಗಿಸಿ ನಿಂದ್ರಬೇಕಾತು, ಅದು ನನಗ ಇನ್ನೂ ನುಂಗಾಕ ಆಗವಲ್ದು. ಅವನ ಹೆಸರ ಇಲ್ಲಿ ಬರಿಯೂದಿಲ್ಲ, ವಕೀಲರು ಬ್ಯಾಡ ಅಂದಾರ. ಹೆಸರ ಇಲ್ಲದನೂ ಭಾಳ ಮಂದಿಗೆ ಗೊತ್ತಾಕ್ಕೈತಿ ಅನಸ್ತೈತಿ, ಯಾಕಂದ್ರ ಇವರ ಪದ್ಧತಿನ ಇದು.

ಮನಿ ವಡಗಾವಿಯೊಳಗ ಐತಿ. ನಮ್ಮ ಅಪ್ಪ ಮಗ್ಗದ ದುಡಿಮಿ ಮ್ಯಾಲ ಕಟ್ಟಿಸಿದ್ದು. ಕೆಳಗ ಪಡಸಾಲಿ, ಅಡಿಗಿ ಮನಿ, ಎರಡು ಖೋಲಿ, ಹಿಂದ ಬಚ್ಚಲ, ಮ್ಯಾಲ ಬರೇ ಟೆರೇಸ್. ಅಪ್ಪ ಹೋದ ಮ್ಯಾಲ ಅವ್ವ ನಮ್ಮ ಕೂಡ ಹುಬ್ಬಳ್ಳಿಗೆ ಬಂದ್ಳು, ಮನಿ ಬೀಗ ಹಾಕಿತ್ತು. ಬೆಳಗಾವಿ ಮಳಿ ನಿಮಗ ಹೇಳೂದೇನೈತಿ, ಮಿರಗ ಹಿಡೀತಂದ್ರ ಸಪ್ಟೆಂಬರ್ ತನಕಾ ಗ್ವಾಡಿ ಒಣಗೂದ ಇಲ್ಲ. ಬಚ್ಚಲಕ್ಕ ಹತ್ತಿದ ಸಣ್ಣ ಖೋಲಿ ಗ್ವಾಡಿ ಪೂರಾ ಹಸಿ ಹಿಡದಿತ್ತು, ಪಡಸಾಲಿ ಒಂದ ಮೂಲಿಯೊಳಗ ಸ್ಲ್ಯಾಬ್‌ನಿಂದ ಇಳದ ನೀರಿನ ಕಲಿ ಇತ್ತು. ಇದನ್ನ ನಾವು ಮುಚ್ಚಿಟ್ಟಿಲ್ಲ. ಏಜೆಂಟ್ ಮೊದಲನೇ ಸಲ ಬಂದಾಗ ನಾನ ಕೈ ಹಿಡದು ಕರಕೊಂಡ ಹೋದಂಗ ಒಂದೊಂದ ಜಾಗಾ ತೋರಿಸೀನಿ. ನೋಡ್ರಿ ಇಲ್ಲಿ ಹಸಿ ಐತಿ, ಮೊದಲ ಇದನ್ನ ರಿಪೇರಿ ಮಾಡಸ್ರಿ, ಬಣ್ಣ ಆಮ್ಯಾಲ ಅಂತ ಹೇಳೀನಿ. ಅವ್ವನೂ ಹೇಳ್ಯಾಳ. ಇದನ್ನ ನೆನಪಿಡ್ರಿ, ಮುಂದ ಬರ್ತೈತಿ.

ಅವ ಏನಂದ ಅಂದ್ರ, "ಅಕ್ಕಾರ, ಹಿಂಗ ತೋರಿಸಿದ್ರ 48ರ ಮ್ಯಾಲ ಯಾರೂ ಕೇಳಂಗಿಲ್ರಿ. ಒಂದ್ ನಾಕ ಲಕ್ಷ ಹಾಕ್ರಿ, 58ಕ್ಕ ಕೊಡ್ಸೂ ಜವಾಬ್ದಾರಿ ನಂದು." ಅವನ ದಲಾಲಿ 2 ಪರ್ಸೆಂಟ್ ಬ್ಯಾರೆ, ಅದು ಎಲ್ಲಾ ಕಡೆ ಇದ್ದದ್ದ. ನಾವು ಬ್ಯಾರೆ ಪೇಂಟರ್ ಹತ್ರ ರೇಟ್ ಕೇಳ್ತೀವಿ ಅಂದ್ರ "ಹೊರಗಿನಾವ್ರು ಕೆಲಸ ಎಳೀತಾರ್ರಿ, ನಮ್ಮ ಹುಡುಗುರು ಮಳಿಗಿಂತ ಮೊದಲ ಮುಗಸ್ತಾರ" ಅಂದ. ಬಿಲ್ ಕೊಡ್ರಿ ಅಂದ್ರ "ಬಿಲ್ ಬೇಕಂದ್ರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ ಬೀಳ್ತೈತಿ ನೋಡ್ರಿ, ನಿಮ್ಮ ರೊಕ್ಕ ಉಳಸಾಕ ಹೇಳಾಕತ್ತೀನಿ" ಅಂದ. ನಮ್ಮ ರೊಕ್ಕ ಉಳಸಾಕಂತ!

ಕೆಲಸ ಏಪ್ರಿಲ್‌ದಾಗ ಚಾಲು ಮಾಡಿದ್ರು. ಫೋಟೋ ಕಳಸ್ತಿದ್ರು, ಖರೆ ಹೇಳ್ತೀನಿ ಫೋಟೋದಾಗ ಮನಿ ಹೊಳೀತಿತ್ತು. ಹೊರಗ ಹೊಸ ಬಣ್ಣ, ಅಡಿಗಿ ಮನಿ ಕಟ್ಟಿ ಮ್ಯಾಲ ಹೊಸ ಗ್ರಾನೈಟ್, ಬಚ್ಚಲಕ್ಕ ಹೊಸಾ ನಳ, ಪಡಸಾಲಿಗೆ ಪಿಒಪಿ, ಲೈಟು. ಸಣ್ಣ ಖೋಲಿಯೊಳಗ ಒಂದ ಗ್ವಾಡಿಗೆ ಪೂರಾ ಪಿವಿಸಿ ಪ್ಯಾನೆಲ್ ಹೊಡದಿದ್ರು, ಕಟ್ಟಿಗಿ ಡಿಸೈನ್‌ದು. ಇದ್ಯಾಕ ಅಂತ ಕೇಳಿದೆ, ಇದು ನಮ್ಮ ಮಾತಿನಾಗ ಇರಲಿಲ್ಲ. "ಈಗ ಎಲ್ಲಾರೂ ಇದನ್ನ ಕೇಳ್ತಾರ್ರಿ ಅಕ್ಕಾರ, ಲುಕ್ ಬರ್ತೈತಿ." ಹಸಿದು ಏನ ಮಾಡಿದ್ರಿ? "ವಾಟರ್‌ಪ್ರೂಫ್ ಪುಟ್ಟಿ ಎರಡು ಕೋಟ್ ಹೊಡದೇವ್ರಿ, ಇನ್ ಹತ್ತ ವರ್ಷ ನೋಡೂದ ಬ್ಯಾಡ." ಟೆರೇಸ್? "ಅದನೂ ಆತ್ರಿ, ಕೆಮಿಕಲ್ ಹಾಕೇವಿ." ಎಲ್ಲಾ ವಾಟ್ಸ್ಆ್ಯಪ್‌ದಾಗ ಐತಿ, ವಾಯ್ಸ್ ಮೆಸೇಜ್ ಸೈತ ಅದಾವ. ಒಂದನೂ ಡಿಲೀಟ್ ಮಾಡಿಲ್ಲ.

ಮೇ ತಿಂಗಳದಾಗ ಒಬ್ರು ರಿಟೈರ್ಡ್ ಮಾಸ್ತರು ಮನಿ ನೋಡಿ ಹೋದ್ರು, ಗಂಡ ಹೆಂಡತಿ ಇಬ್ರೂ ಭಾಳ ಛಲೋ ಮಂದಿ. ಮಾತು 56ಕ್ಕ ಬಂತು. ಸಂಚಕಾರ ಕೊಡೂ ಮೊದಲ ಇನ್ನೊಂದ ಸಲ ನೋಡ್ತೇವಿ ಅಂದ್ರು, ಬರ್ರಿ ಅಂದ್ವಿ, ನಾನು ಅವ್ವನ್ನ ಕರಕೊಂಡು ಹುಬ್ಬಳ್ಳಿಯಿಂದ ಬಂದೆ. ಅಷ್ಟೊತ್ತಿಗೆ ಮಿರಗದ ಮಳಿ ನಾಕ ದಿನ ಹೊಡದಿತ್ತು. ಮಾಸ್ತರು ತಮ್ಮ ಊರಿನ ಒಬ್ಬ ಗೌಂಡಿನ್ನ ಕರಕೊಂಡ ಬಂದಿದ್ರು, ವಯಸ್ಸಾದಾವ, ಹೆಚ್ಚ ಮಾತಿಲ್ಲ. ಬಾಗಲಾ ತಗದ ಕೂಡ್ಲೆ ಮುಗ್ಗ ವಾಸನಿ ಬಂತು. ಹೊಸ ಬಣ್ಣದ ವಾಸನಿ ಅಲ್ಲ, ಮುಗ್ಗ ವಾಸನಿ. ಪಡಸಾಲಿ ಮೂಲಿಯೊಳಗ ಬಣ್ಣ ಉಬ್ಬಿ ಗುಳ್ಳಿ ಆಗಿತ್ತು. ಆ ಗೌಂಡಿ ಏನೂ ಅನ್ನದ ಸೀದಾ ಸಣ್ಣ ಖೋಲಿಗೆ ಹೋಗಿ ಪ್ಯಾನೆಲ್ ಮ್ಯಾಲ ಬಟ್ಟಿಲೆ ಬಡದ, ಕೆಳಗ ಒಂದ ಕಡೆ ಕೈ ಹಾಕಿ ನೋಡಿದ, ಕೈ ಒದ್ದಿ ಆಗಿತ್ತು. "ಬಾಯಾರ, ಇದರ ಹಿಂದ ಏನೈತ್ರಿ?" ಅಂತ ನಮ್ಮ ಅವ್ವನ್ನ ಕೇಳಿದ.

ಅವ್ವಗ ಏನ ಗೊತ್ತ್ರಿ? ಆಕಿ ನನ್ನ ಮಾರಿ ನೋಡಿದ್ಳು. ನಾನು "ಪುಟ್ಟಿ ಹೊಡದಾರ, ಲುಕ್ ಸಲುವಾಗಿ ಮ್ಯಾಲ ಪ್ಯಾನೆಲ್ ಹಾಕ್ಯಾರ" ಅಂದೆ. ಒಂದ ಪಟ್ಟಿ ತಗೀಲೇನ್ರಿ ಅಂದ, ತಗೀರಿ ಅಂದೆ. ನಮ್ಮ ಮನಸಿನ್ಯಾಗ ಏನೂ ಇರಲಿಲ್ಲಲ್ಲ, ತಗೀರಿ ಅಂದೆ. ಸ್ಕ್ರೂ ಬಿಚ್ಚಿ ಒಂದ ಪಟ್ಟಿ ಎಳದ ನೋಡ್ರಿ, ಹಿಂದ ಅಪ್ಪ ಬಳಿಸಿದ್ದ ಹಸರ ಡಿಸ್ಟೆಂಪರ್ ಹಂಗ ಐತಿ! ಪುಟ್ಟಿ ಇಲ್ಲ, ಪ್ರೈಮರ್ ಇಲ್ಲ, ಏನೂ ಇಲ್ಲ. ಕರೀ ಬೂಸ್ಟ, ಕೆಳಗ ಬಿಳೇ ಉಪ್ಪು, ಗಿಲಾವ ಕೈ ಹಚ್ಚಿದ್ರ ಉದುರತೈತಿ. ನಾನು ಕೈ ಹಿಡದು ತೋರಿಸಿದ್ನಲ್ಲ, ಮೊದಲ ಇದನ್ನ ಮಾಡ್ರಿ ಅಂದಿದ್ನಲ್ಲ, ಅದ ಗ್ವಾಡಿ. ಅದನ್ನ ಹಂಗ ಬಿಟ್ಟು ಮ್ಯಾಲ ಪ್ಲಾಸ್ಟಿಕ್ ಹೊಡದು ಮುಚ್ಯಾರ.

ಮಾಸ್ತರ ಹೆಂಡತಿ ಅವ್ವಗ ಅಂದ್ರು, "ಮಾವಶಿ, ನಿಮ್ಮಂಥಾ ಹಿರ್ಯಾರು ಹಿಂಗ ಮುಚ್ಚಿ ಮಾರಾಕ ಹೊಂಟ್ರೇನ್ರಿ?" ಸಿಟ್ಟಿಲೆ ಅನಲಿಲ್ಲ, ಬ್ಯಾಸರಲೆ ಅಂದ್ರು, ಅದ ಹೆಚ್ಚ ಹತ್ತಿತು. ನಾವು ಹಿಂಗಲ್ರಿ, ನಮಗ ಗೊತ್ತಿಲ್ರಿ, ವಾಟ್ಸ್ಆ್ಯಪ್ ನೋಡ್ರಿ ಬೇಕಾದ್ರ ಅಂತ ನಾನು ಫೋನ್ ತಗದು ತೋರ್ಸಾಕತ್ತೆ, ಅವರು "ಇರ್ಲಿ ಬಿಡವಾ" ಅಂದು ಹೋದ್ರು. ಸಂಚಕಾರದ 2 ಲಕ್ಷ ಚೀಲದಾಗ ತಂದಿದ್ರು, ಹಂಗ ವಾಪಸ್ ತಗೊಂಡ ಹೋದ್ರು. ಅವರನ್ನ ನಾನು ಬೈಯೂದಿಲ್ಲ, ಅವರ ಜಾಗಾದಾಗ ಯಾರಿದ್ರೂ ಹಂಗ ತಿಳ್ಕೊಂತಾರ. ಅವ್ವ ಆವತ್ತ ಊಟಾ ಮಾಡಲಿಲ್ಲ. ನಮ್ಮ ಓಣಿಯೊಳಗ ಅಪ್ಪನ ಮ್ಯಾಲ ಒಂದ ರೂಪಾಯಿ ಬಾಕಿ ಐತಿ ಅಂತ ಅಂದಾವ್ರಿಲ್ಲ ರೀ.

ಈಗ ಏಜೆಂಟ್ ಏನಂದ ಕೇಳ್ರಿ. ಫೋನ್ ಮಾಡಿದೆ, ಎತ್ತಲಿಲ್ಲ. ಫೋಟೋ ಕಳಿಸಿದೆ, ನೋಡಿ ಸುಮ್ನಾದ. ರಾತ್ರಿ ವಾಯ್ಸ್ ಮೆಸೇಜ್ ಬಂತು, ನಗುತ್ತ ಮಾತಾಡ್ಯಾನ: "ಅಕ್ಕಾರ, ನೀವ್ಯಾಕ ಪ್ಯಾನೆಲ್ ಬಿಚ್ಚಾಕ ಕೊಟ್ರಿ? ಬಿಚ್ಚದಿದ್ರ ಏನೂ ಆಗ್ತಿರಲಿಲ್ಲ." ಅಂದ್ರ ತಪ್ಪು ಮುಚ್ಚಿದಾವಂದಲ್ಲ, ಬಿಚ್ಚಾಕ ಕೊಟ್ಟಾವ್ರದು! ಪುಟ್ಟಿ ಎಲ್ಲಿ ಅಂತ ಕೇಳಿದೆ. "ಪ್ಯಾನೆಲ್ ಹಿಂದ ಯಾರ ನೋಡ್ತಾರ್ರಿ, ಸುಮ್ನ ಮಾಲ ವೇಸ್ಟ್." ಹಂಗಾರ ಆ ಖೋಲಿ ನಾಕೂ ಗ್ವಾಡಿಗೆ ಪುಟ್ಟಿ, ಪ್ರೈಮರ್, ಎರಡು ಕೋಟ್ ಬಣ್ಣ ಅಂತ ಲೆಕ್ಕ ಹಚ್ಚಿ ರೊಕ್ಕ ಯಾಕ ತಗೊಂಡಿ, ಮ್ಯಾಲ ಪ್ಯಾನೆಲ್‌ದು ಬ್ಯಾರೆ ತಗೊಂಡಿ, ಒಂದ ಗ್ವಾಡಿಗೆ ಎರಡು ಸಲ ರೊಕ್ಕ ತಗೊಂಡಿ ಅಂದೆ. ಡೈರಿ ಹಾಳಿ ಮ್ಯಾಲ ಬರದ ಕೊಟ್ಟ ಲೆಕ್ಕದ ಫೋಟೋ ಕಳಿಸಿದೆ. ಅದಕ್ಕ "ಅಳತಿ ಹುಡುಗುರು ತಗೊಂಡಾರ್ರಿ, ಅವರನ್ನ ಕೇಳ್ರಿ." ಪೇಂಟಿಂಗ್ ಕಾಂಟ್ರ್ಯಾಕ್ಟರ್‌ಗ ಫೋನ್ ಹಚ್ಚಿದ್ರ "ನನಗ ಅಣ್ಣಾರು ಹೆಂಗ ಹೇಳ್ಯಾರ ಹಂಗ ಮಾಡೀನ್ರಿ, ಅವರದ ಕಮಿಷನ್ ಹೋಗಿ ನನಗೇನ ಉಳದೈತಿ" ಅಂದ. ಕಮಿಷನ್! ಅದು ಅವನ ಬಾಯಿಲೆನ ಬಂತು. ನಮ್ಮ ಕಡೆ ದಲಾಲಿ, ಕೊಂಡಾವರ ಕಡೆ ದಲಾಲಿ, ನಡುವ ಪೇಂಟ್‌ದಾಗ ಕಮಿಷನ್.

ನನಗ ಎಲ್ಲಾಕಿಂತ ಸಿಟ್ಟ ಬಂದ ಮಾತು ಯಾವ್ದಂದ್ರ, ಆಮ್ಯಾಲ ಅಂದಿದ್ದು: "ನೀವು ಇರೂ ಮನಿ ಏನಲ್ಲಲ್ರಿ ಅಕ್ಕಾರ, ಮಾರೂ ಮನಿ. ಮಾರೂ ಮನಿಗೆ ಇಷ್ಟ ಸಾಕು. ಎಲ್ಲಾರೂ ಹಿಂಗ ಮಾಡ್ತಾರ." ಎಲ್ಲಾರೂ ಮಾಡ್ತಾರಂತ. ಆ ಮಾಸ್ತರು ಜೀವನಪೂರ್ತಿ ಕೂಡಿಟ್ಟ ರೊಕ್ಕ ಹಾಕಿ ಆ ಖೋಲಿಯೊಳಗ ಮಲಗಾವ್ರು, ಅವರಿಗೆ ಅದು ಇರೂ ಮನಿನ ಅಲ್ಲೇನ್ರಿ? ನಾಕ ದಿನ ಬಿಟ್ಟು ಅವನ ಫೋನ್ ಮಾಡಿ, "ಒಂದ ಪಾರ್ಟಿ ಐತ್ರಿ, 43ಕ್ಕ ತಗೋತಾರ, ಹಸಿ ಮನಿ ಅಂತ ಸುದ್ದಿ ಆಗೇತಿ, ಇದಕ್ಕಿಂತ ಹೆಚ್ಚ ಬರಂಗಿಲ್ಲ" ಅಂದ. ಏನೂ ಮಾಡಸದ 48, ನಾಕ ಲಕ್ಷ ಚಿಲ್ರಿ ಸುರದ ಮ್ಯಾಲ 43! ಅದನೂ ಯಾವ ನಾಚಿಕಿ ಇಲ್ಲದ ಹೇಳ್ತಾನ.

ವಕೀಲರ ಹತ್ರ ಹೋದಾಗ ಇನ್ನೊಂದ ವಿಷಯ ಗೊತ್ತಾತು, ಇದನ್ನ ಎಲ್ಲಾರೂ ತಿಳ್ಕೋರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಐತಲ್ಲ, ಅದರ 55ನೇ ಸೆಕ್ಷನ್ ಪ್ರಕಾರ ಮಾರಾವರಿಗೆ ಗೊತ್ತಿರೂ, ಕೊಳ್ಳಾವರಿಗೆ ಸಹಜ ನೋಡಿದ್ರ ಕಾಣದಂಥಾ ದೊಡ್ಡ ದೋಷ ಇದ್ರ ಮಾರಾವರ ಅದನ್ನ ಹೇಳಬೇಕು, ಹೇಳದಿದ್ರ ಅದು ಮೋಸ ಅಂತ ಲೆಕ್ಕ. ಅಂದ್ರ ಆವತ್ತ ಗೌಂಡಿ ಬರದ, ಖರೀದಿ ಪತ್ರ ಆಗಿ ಹೋಗಿದ್ರ, ನಾಳೆ ನೋಟಿಸ್ ಬರೂದು ನಮ್ಮ ಅವ್ವನ ಹೆಸರಿಗೆ. ಏಜೆಂಟ್ ದಲಾಲಿ ತಗೊಂಡು ಹೋಗಿರ್ತಿದ್ದ. ಅವ "ಏನೂ ಆಗ್ತಿರಲಿಲ್ಲ" ಅಂದಿದ್ದು ಇದನ್ನ.

ಆ ಗೌಂಡಿ ಹೋಗೂ ಮುಂದ ನನಗ ಹೇಳಿ ಹೋದ ಮಾತು ಬರೀತೀನಿ, ಉಪಯೋಗ ಆದೀತು. ಹಸಿ ಗ್ವಾಡಿ ಮ್ಯಾಲ ಯಾವ ಪುಟ್ಟಿ ಹೊಡದ್ರೂ ಒಳಗಿನ ನೀರು ಉಪ್ಪು ತಗೊಂಡು ಹೊರಗ ಬರೂದ, ಬಣ್ಣ ಉಬ್ಬೂದ. ಮೊದಲ ನೀರು ಎಲ್ಲಿಂದ ಬರ್ತೈತಿ ಹುಡಕಬೇಕು. ನಮ್ಮದು ಬಚ್ಚಲದ ಗ್ವಾಡಿ ಒಳಗಿನ ಹಳೇ ಪೈಪ್, ಹೊಸಾ ನಳ ಹಾಕ್ಯಾರ ಆದ್ರ ಒಳಗಿನ ಪೈಪ್ ಮುಟ್ಟಿಲ್ಲ! ಪೈಪ್ ಮಾಡಿಸಿ, ಗಿಲಾವ ಇಟ್ಟಂಗಿ ಕಾಣೂ ತನಕಾ ಕೆತ್ತಿ, ಒಣಗಾಕ ಬಿಟ್ಟು, ಆಮ್ಯಾಲ ವಾಟರ್‌ಪ್ರೂಫ್ ಕಲಸಿದ ಸಿಮೆಂಟ್ ಗಿಲಾವ, ಒಂದ ವಾರ ನೀರು ಹೊಡದು ಕ್ಯೂರಿಂಗ್, ಪುಟ್ಟಿ ಬಣ್ಣ ಅಂದ್ರ ಒಂದ ತಿಂಗಳ ಬಿಟ್ಟು. ಟೆರೇಸ್‌ದು ನೋಡಬೇಕಂದ್ರ ನೀರು ಹೋಗೂ ತೂತ ಬಂದ್ ಮಾಡಿ 24 ತಾಸಿಂದ 48 ತಾಸು ನೀರು ನಿಲ್ಲಸಿ ಕೆಳಗ ನೋಡೂದು, "ಕೆಮಿಕಲ್ ಹಾಕೇವಿ" ಅನ್ನೂ ಮಾತು ನಂಬಬಾರದು. ನಾನು ಮ್ಯಾಲ ಹತ್ತಿ ನೋಡಿದೆ, ಬಿಳೇ ಬಣ್ಣ ಬಳದಾರ ಅಷ್ಟ, ಪ್ಯಾರಾಪೆಟ್ ಬುಡದ ಸೀಳು ಹಂಗ ಅದಾವ. ಬೆಳಗಾವಿಯೊಳಗ ಈ ಕೆಲಸ ಎಲ್ಲಾ ಸಂಕ್ರಾಂತಿ ಆದ ಕೂಡ್ಲೆ ಹಿಡೀಬೇಕಂತ, ಮಳಿಗಾಲದಾಗ ಗ್ವಾಡಿ ಒಣಗೂದಿಲ್ಲ.

ಹಂಗಾಗಿ, ಮಾರಾಕ ಇಡಾವ್ರು ಕೇಳ್ರಿ. ಮಾರಿಸಾವನ ಬ್ಯಾರೆ ಇರ್ಲಿ, ರಿಪೇರಿ ಮಾಡಾವನ ಬ್ಯಾರೆ ಇರ್ಲಿ. ಹಸಿ ಇದ್ರ ಅದನ್ನ ಮಾಡಸ್ರಿ, ಆಗದಿದ್ರ ಐತಿ ಅಂತ ಹೇಳಿ ರೇಟ್ ಕಡಿಮಿ ಮಾಡ್ರಿ. ಪಿವಿಸಿ, ಪಿಒಪಿ, ವಾಲ್‌ಪೇಪರ್ ಅಂದ್ರ ಹಿಂದ ಏನ ಮುಚ್ಚಾಕತ್ತೀರಿ ಅಂತ ಕೇಳ್ರಿ, ಹೊಡಿಯೂ ಮೊದಲಿನ ಗ್ವಾಡಿ ಫೋಟೋ ಬೇಕನ್ರಿ. ಅಳತಿ ನೀವ ಟೇಪ್ ಹಿಡದು ತಗೋರಿ. 18 ಪರ್ಸೆಂಟ್ ಹೋದ್ರ ಹೋಗ್ಲಿ, ಬಿಲ್ ಬಿಡಬ್ಯಾಡ್ರಿ, ಡೈರಿ ಹಾಳಿ ಹಿಡಕೊಂಡು ಓಡಾಡೂ ಕಷ್ಟ ನನಗ ಗೊತ್ತೈತಿ. ಬಣ್ಣಕ್ಕಿಂತ ಮೊದಲ ಉತಾರ, ಇ-ಖಾತಾ ನೋಡ್ಕೋರಿ, ಈಗ ಇ-ಖಾತಾ ಇಲ್ಲದ ರಿಜಿಸ್ಟ್ರೇಷನ್ ಆಗೂದಿಲ್ಲ. ನಮ್ಮ ಏಜೆಂಟ್ ಇದರ ಬಗ್ಗೆ ಒಂದ ಮಾತು ತಗದಿಲ್ಲ, ಅದರಾಗ ಕಮಿಷನ್ ಇಲ್ಲಲ್ಲ.

ಗ್ರಾಹಕರ ಆಯೋಗದಾಗ ಕೇಸ್ ಹಾಕಾಕತ್ತೀವಿ. 5 ಲಕ್ಷದ ಒಳಗ ಕೊಟ್ಟ ರೊಕ್ಕದ ವ್ಯವಹಾರಕ್ಕ ಅಲ್ಲಿ ಫೀ ಇಲ್ಲ, ಮೊದಲ ವಿಚಾರಸಬೇಕಂದ್ರ 1915 ನಂಬರ್‌ಗ ಫೋನ್ ಮಾಡ್ರಿ. ವಕೀಲರು ನೋಟಿಸ್ ಕಳಿಸ್ಯಾರ. ಅದಕ್ಕ ಏಜೆಂಟ್ "ಅಕ್ಕಾರ, ಕೂತು ಮಾತಾಡಿ ಬಗೀಹರಸೂಣು, ಪ್ಯಾನೆಲ್ ರೊಕ್ಕ ಬೇಕಾದ್ರ ವಾಪಸ್ ಕೊಡ್ತೀನಿ" ಅಂತ ಮೆಸೇಜ್ ಹಾಕ್ಯಾನ. ಪ್ಯಾನೆಲ್ ರೊಕ್ಕ ಅಷ್ಟ ಅಲ್ಲ, ಮಾಸ್ತರ ಮನಿಗೆ ಬಂದು ಅವರ ಮುಂದ ಈ ಕೆಲಸ ನಾನ ಮಾಡಿಸಿದ್ದು, ಇವರಿಗೆ ಗೊತ್ತಿರಲಿಲ್ಲ ಅಂತ ಹೇಳು ಅಂದೀನಿ. ಅದಕ್ಕ ಇನ್ನೂ ಉತ್ತರ ಬಂದಿಲ್ಲ. ವಡಗಾವಿ, ಶಹಾಪುರ, ಖಾಸಬಾಗ ಕಡೆ ಇದ ಪದ್ಧತಿಲೆ ಯಾರ್ಯಾರಿಗೆ ಆಗೇತಿ, ದಯವಿಟ್ಟು ನನಗ ತಿಳಸ್ರಿ, ಎಲ್ಲಾರೂ ಕೂಡಿ ಕೇಸ್ ಹಾಕಿದ್ರ ಗಟ್ಟಿ ಆಕ್ಕೈತಿ ಅಂತ ವಕೀಲರು ಹೇಳ್ಯಾರ.