ಹದಿಮೂರು ಮಳೆಗಾಲ, ಒಂದು ರೋಡ್‌ಕಿಂಗ್: ಆಲ್ದೂರಿನಿಂದ ಬಳಕೆದಾರನ ಮಾತು

ಗಾಡಿ ಯೆಜ್ಡಿ ರೋಡ್‌ಕಿಂಗ್, 1991ರ ಮಾಡೆಲ್, 250 ಸಿಸಿ, ಟೂ ಸ್ಟ್ರೋಕ್. ಸೋದರಮಾವನಿಂದ ನನ್ನ ಕೈಗೆ ಬಂದದ್ದು 2013ರ ಏಪ್ರಿಲ್‌ನಲ್ಲಿ. ಆಮೇಲೆ ಓಡಿಸಿದ್ದು ಹೆಚ್ಚುಕಮ್ಮಿ 61,000 ಕಿಲೋಮೀಟರ್. ನಾನು ಎಸ್ಟೇಟ್ ಒಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ತೋಟದ ಕಚ್ಚಾ ರಸ್ತೆ, ವಾರಕ್ಕೆರಡು ಸಲ ಆಲ್ದೂರಿನಿಂದ ಚಿಕ್ಕಮಗಳೂರು ಪೇಟೆ, ವರ್ಷಕ್ಕೆ ಮೂರ್ನಾಲ್ಕು ಸಲ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ. ಇದಿಷ್ಟೂ ಇದೇ ಗಾಡಿಯಲ್ಲಿ. ಮನೆಯಲ್ಲಿ ಇನ್ನೊಂದು ಬೈಕಿಲ್ಲ. ಹಾಗಾಗಿ ಇದು ಭಾನುವಾರ ಒರೆಸಿ ಫೋಟೋ ತೆಗೆಯುವವನ ವಿಮರ್ಶೆಯಲ್ಲ, ದಿನಾ ಹತ್ತುವವನದ್ದು.

ಗಾಡಿ ಕೊಡುವಾಗ ಮಾವ ಹೇಳಿದ್ದು ಒಂದೇ ಮಾತು: "ಕಿಲೋಮೀಟರ್ ಲೆಕ್ಕ ಹಾಕ್ಬೇಡ ಕಣೋ, ಮಳೆ ಲೆಕ್ಕ ಹಾಕು." ಅದು ಅರ್ಥವಾಗಲು ನನಗೆ ಮೂರು ವರ್ಷ ಬೇಕಾಯಿತು. ಬಯಲುಸೀಮೆಯಲ್ಲಿ ಇದೇ ಗಾಡಿ ಓಡಿಸುವವರು ಇಷ್ಟು ಕಿಲೋಮೀಟರ್‌ಗೆ ಪಾಯಿಂಟ್ (ಪ್ಲಗ್ಗಿನ ಕಿಡಿಗಾಗಿ ಕರೆಂಟನ್ನು ಕಡಿದು ಜೋಡಿಸುವ ಸ್ವಿಚ್), ಇಷ್ಟಕ್ಕೆ ಕ್ಲಚ್ ಪ್ಲೇಟ್ ಎಂದು ಪಟ್ಟಿ ಕೊಡುತ್ತಾರೆ. ಮಲೆನಾಡಿನಲ್ಲಿ ಆ ಪಟ್ಟಿ ನಡೆಯುವುದಿಲ್ಲ. ಇಲ್ಲಿ ಹಳೇ ಗಾಡಿಯನ್ನು ತಿನ್ನುವುದು ತೇವ. ಈ ಹದಿಮೂರು ವರ್ಷದ ರಿಪೇರಿಗಳನ್ನು ಒಂದೊಂದಾಗಿ ನೆನೆದರೆ ಮುಕ್ಕಾಲು ಪಾಲು ಎಲ್ಲೋ ಒಂದು ಕಡೆ ನೀರಿಗೇ ಹೋಗಿ ಮುಟ್ಟುತ್ತವೆ.

ಹೊಸಬರಿಗಾಗಿ ಗಾಡಿಯ ಹಿನ್ನೆಲೆ ಸ್ವಲ್ಪ. ಇದು ನಮ್ಮ ಮೈಸೂರಿನದೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಬಂದ ಗಾಡಿಗಳು 334 ಸಿಸಿ ಫೋರ್ ಸ್ಟ್ರೋಕ್, ಬೇರೆಯೇ ಎಂಜಿನ್. ಅವುಗಳ ಎಂಜಿನ್ ಸಾಮಾನು ನಮ್ಮದಕ್ಕೆ ಕೂರುವುದಿಲ್ಲ. ಹಳೆಯದರಲ್ಲಿ ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಮೊದಲ ಸಲ ಹತ್ತಿದವರು ಕಿಕ್ಕರ್ ಹುಡುಕುತ್ತಾ ನಿಂತುಬಿಡುತ್ತಾರೆ.

2015ರ ಮಳೆಗಾಲ. ಗಾಡಿ ಬಿಳಿ ಹೊಗೆ ಬಿಡಲು ಶುರು ಮಾಡಿತು. ಟೂ ಸ್ಟ್ರೋಕ್ ಹೊಗೆ ಬಿಡುವುದು ಸಹಜವೇ, ಆದರೆ ಇದು ಹಿಂದೆ ಬರುವವರಿಗೆ ರಸ್ತೆಯೇ ಕಾಣದಷ್ಟು. ಪ್ಲಗ್ ಎರಡು ದಿನಕ್ಕೊಮ್ಮೆ ಎಣ್ಣೆ ಕುಡಿದು ಕೂರುತ್ತಿತ್ತು. ಒಂದು ಗ್ಯಾರೇಜಿಗೆ ಕೊಟ್ಟೆ. ನೋಡಿದ ಕೂಡಲೇ "ರಿಂಗ್ ಹೋಗಿದೆ, ಬೋರ್ ಮಾಡಿಸ್ಬೇಕು" ಅಂದರು, ಅಂದರೆ ಸಿಲಿಂಡರಿನ ಒಳಗೋಡೆಯನ್ನು ಲೇತಿನಲ್ಲಿ ಕೊರೆಸುವುದು. ಮಾಡಿಸಿದೆ. ಹೊಸ ಪಿಸ್ಟನ್, ರಿಂಗ್, ಲೇತ್ ಕೆಲಸ ಎಲ್ಲಾ ಸೇರಿ ಆ ತಿಂಗಳ ಅರ್ಧ ಸಂಬಳ ಹೋಯಿತು. ಗಾಡಿ ಹೊರಗೆ ಬಂದ ದಿನವೇ ಅದೇ ಹೊಗೆ. ಮತ್ತೆ ಹೋದರೆ "ಹೊಸ ಬೋರ್, ಸೆಟ್ ಆಗ್ಬೇಕು" ಅಂದು ಕಳಿಸಿದರು.

ಕೊನೆಗೆ ಪೇಟೆಯಲ್ಲಿ ಜಾವಾ ಕಾಲದಿಂದ ಕೆಲಸ ಮಾಡಿದ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಸ್ಪ್ಯಾನರ್ ಸಹ ಮುಟ್ಟಲಿಲ್ಲ. "ರೈಟ್ರೇ, ಗೇರ್ ಆಯಿಲ್ ಲೆವೆಲ್ ನೋಡಿದ್ರಾ?" ಅಂತ ಕೇಳಿದರು. ಇಲ್ಲ ಅಂದೆ. ಗಾಡಿಯನ್ನು ನೇರ ನಿಲ್ಲಿಸಿ ತೆಗೆದು ನೋಡಿದರೆ ಎರಡು ತಿಂಗಳ ಹಿಂದೆ ತುಂಬಿಸಿದ ಆಯಿಲ್ ಅರ್ಧವೂ ಉಳಿದಿರಲಿಲ್ಲ. ಕೆಳಗೆ ನೆಲಕ್ಕೆ ಒಂದು ಹನಿ ಸೋರಿಲ್ಲ. "ಹೊರಗೆ ಹೋಗಿಲ್ಲ ಅಂದ್ರೆ ಒಳಗೇ ಹೋಗಿರ್ಬೇಕಲ್ಲ ಭಾಯ್" ಅಂದೆ. "ಅದೇ ನಿಮ್ಮ ಹೊಗೆ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಳೇ ಟೂ ಸ್ಟ್ರೋಕ್ ಇಟ್ಟುಕೊಂಡವರು ಮೊದಲು ತಿಳಿಯಬೇಕಾದದ್ದು ಇದೇ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸೇ ಒಂದು ಪಂಪ್. ಪಿಸ್ಟನ್ ಮೇಲೆ ಹೋದಾಗ ಅಲ್ಲಿ ಎಳೆತ ಹುಟ್ಟಿ ಕಾರ್ಬುರೇಟರ್‌ನಿಂದ ಪೆಟ್ರೋಲ್ ಬರುತ್ತದೆ, ಕೆಳಗೆ ಬಂದಾಗ ಅದನ್ನೇ ಮೇಲಕ್ಕೆ ತಳ್ಳುತ್ತದೆ. ಈ ಡಬ್ಬಿ ಗಾಳಿಯಾಡದ ಹಾಗೆ ಮುಚ್ಚಿರಬೇಕು. ಮುಚ್ಚುವುದು ಕ್ರ್ಯಾಂಕಿನ ಎರಡು ಕಡೆಯ ರಬ್ಬರ್ ಸೀಲ್. ಎಡಗಡೆಯ ಸೀಲಿನ ಆಚೆ ಕ್ಲಚ್ ಮತ್ತು ಗೇರ್ ಆಯಿಲ್ ಇದೆ. ಅದು ಒಣಗಿ ಗಟ್ಟಿಯಾದರೆ ಎಂಜಿನ್ ಪೆಟ್ರೋಲಿನ ಜೊತೆ ಗೇರ್ ಆಯಿಲನ್ನೂ ಹೀರಿ ಸುಡುತ್ತದೆ: ಬಿಳಿ ಹೊಗೆ, ಒದ್ದೆ ಪ್ಲಗ್. ಬಲಗಡೆಯದು ಹೋದರೆ ಹೊಗೆ ಬರುವುದಿಲ್ಲ, ಅಪಾಯ ಮಾತ್ರ ಹೆಚ್ಚು. ಆ ಕಡೆ ಇರುವುದು ಪಾಯಿಂಟ್, ಡೈನಮೊ, ಬರೀ ಗಾಳಿ. ಎಂಜಿನ್ ಗಾಳಿ ಹೀರುತ್ತದೆ, ಮಿಶ್ರಣ ತೆಳುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಶಬ್ದ ಇಳಿಯುವುದಿಲ್ಲ, ಕೊನೆಗೆ ಕಾದು ಪಿಸ್ಟನ್ ಸಿಲಿಂಡರಿನಲ್ಲೇ ಹಿಡಿದುಕೊಂಡು ಸೀಜ್ ಆಗುತ್ತದೆ. ನನ್ನ ಎಂಜಿನ್ ಇಳಿಸಿ ಎರಡೂ ಸೀಲ್ ಹೊಸದು ಹಾಕಿದರು. ಸೀಲಿನ ಬೆಲೆ ಆಗ ಬೋರಿನ ಖರ್ಚಿನ ಪಕ್ಕದಲ್ಲಿ ಏನೇನೂ ಅಲ್ಲ. ಹೊಗೆ ಕಂಡರೆ ಬೋರ್ ಮಾತಾಡುವ ಮುಂಚೆ ಗೇರ್ ಆಯಿಲ್ ಅಳೆಯಿರಿ. ಅದಕ್ಕೆ ದುಡ್ಡು ಬೇಡ.

ಆ ಸೀಲ್ ಹೋದದ್ದಕ್ಕೆ ನನ್ನ ತಪ್ಪೂ ಇತ್ತು. 2014ರ ಮಳೆಗಾಲದಲ್ಲಿ ಗಾಡಿಯನ್ನು ಎರಡೂವರೆ ತಿಂಗಳು ಸ್ಟಾರ್ಟೇ ಮಾಡದೆ ಕೊಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿದ್ದೆ. ನಿಂತ ಗಾಡಿಯ ಸೀಲ್ ಒಂದೇ ಕಡೆ ಒಣಗುತ್ತದೆ. ಪ್ಲಾಸ್ಟಿಕ್ ಒಳಗೆ ನೆಲದ ತೇವ ಬೆವರಿನ ಹಾಗೆ ಕೂರುತ್ತದೆ. ಈಗ ಹಳೇ ಹತ್ತಿ ಬಟ್ಟೆ ಮಾತ್ರ ಹೊದಿಸುತ್ತೇನೆ, ಎಂಥಾ ಮಳೆಯಿದ್ದರೂ ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸುತ್ತೇನೆ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಕೆಟ್ಟದ್ದು, ಸೈಲೆನ್ಸರ್ ಒಳಗೆ ನೀರು ಉಳಿಯುತ್ತದೆ.

ಮಳೆಯಲ್ಲಿ ಎರಡನೇ ಕಾಟ ಪಾಯಿಂಟ್‌ನದು. ಗ್ಯಾಪ್ 0.4 ಮಿಲಿಮೀಟರ್ ಇರಬೇಕು. ಒಳಗೆ ತೇವ ಕೂತರೆ ಮೇಲ್ಮೈ ಕಪ್ಪಾಗಿ ಬೆಳಿಗ್ಗೆ ಎಷ್ಟು ಒದ್ದರೂ ಕರೆಂಟ್ ಬರುವುದಿಲ್ಲ. ಬಲಗಡೆಯ ಕವರ್ ತೆಗೆದು, ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದದ ಚೂರನ್ನು ಪಾಯಿಂಟ್ ನಡುವೆ ಎಳೆದರೆ ಹೆಚ್ಚಿನ ಸಲ ಸಾಕು. ಪಾಯಿಂಟ್ ಪದೇ ಪದೇ ಸುಟ್ಟು ಗುಳಿ ಬಿದ್ದರೆ, ಅದು ಸುಡದಂತೆ ಕಾಯುವ ಕಂಡೆನ್ಸರ್ ಮೇಲೆ ಸಂಶಯಪಡಿ. ಕಂಡೆನ್ಸರ್ ಕೆಟ್ಟರೆ ಅದರ ಗುಣ ಹೀಗೆ: ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಸಾಯುತ್ತದೆ. ನನ್ನದು ಒಮ್ಮೆ ಕೈಮರ ದಾಟಿ ಬೆಟ್ಟದ ಏರಿನಲ್ಲಿ ನಿಂತಿತು. ಅರ್ಧ ಗಂಟೆ ಬಿಟ್ಟರೆ ಮೊದಲ ಕಿಕ್ಕಿಗೇ ಸ್ಟಾರ್ಟ್, ಎರಡು ತಿರುವು ಹೋಗಿ ಮತ್ತೆ ಸಾವು. ಅಂದಿನಿಂದ ಸೀಟಿನ ಕೆಳಗೆ ಒಂದು ಕಂಡೆನ್ಸರ್, ಒಂದು ಪ್ಲಗ್, ಸಣ್ಣ ಅರ ಇಲ್ಲದೆ ಮನೆ ಬಿಡುವುದಿಲ್ಲ. ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಕೊಂಡ ಗೆಳೆಯರಿದ್ದಾರೆ. ಮಳೆಯಲ್ಲಿ ಅವರ ಗಾಡಿ ನನ್ನದಕ್ಕಿಂತ ಬೇಗ ಸ್ಟಾರ್ಟ್ ಆಗುತ್ತದೆ, ಒಪ್ಪುತ್ತೇನೆ. ನಾನು ಹಾಕಿಸಿಲ್ಲ, ಯಾಕೆಂದರೆ ಚಾರ್ಮಾಡಿ ಘಾಟಿ ತುದಿಯ ಕೊಟ್ಟಿಗೆಹಾರದ ಮಂಜಿನಲ್ಲಿ ರಾತ್ರಿ ಒಂಬತ್ತಕ್ಕೆ ನಿಂತರೆ ಪಾಯಿಂಟನ್ನು ನಾನೇ ಸರಿ ಮಾಡಬಲ್ಲೆ.

ಘಾಟಿ ಅಂದಮೇಲೆ ಇದನ್ನು ಹೇಳಲೇಬೇಕು. ಈ ಎಂಜಿನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆ ಮಾತ್ರ. ಚಾರ್ಮಾಡಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಸಿದರೆ ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತದೆ, ಒಳಗೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಪಿಸ್ಟನ್ ಹಿಡಿದುಕೊಳ್ಳುವುದು ಹೀಗೆ. ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಸಣ್ಣಗೆ ಆಕ್ಸಿಲರೇಟರ್ ಕೊಡುತ್ತಾ ಹೋಗಬೇಕು. ಡ್ರಮ್ ಬ್ರೇಕಿಗೆ ನೀರು ಹೊಕ್ಕರೆ ಮೊದಲ ಒತ್ತಿಗೆ ಹಿಡಿಯುವುದಿಲ್ಲ. ಹಳ್ಳ ದಾಟಿದ ಮೇಲೆ ಐವತ್ತು ಮಾರು ಬ್ರೇಕ್ ಸಣ್ಣಗೆ ಒತ್ತಿಕೊಂಡೇ ಹೋಗಿ ಒಣಗಿಸುತ್ತೇನೆ.

ಲೀಟರ್ ಪೆಟ್ರೋಲಿಗೆ 30 ಎಂಎಲ್ ಟೂಟಿ (2T, ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಹಾಕುತ್ತೇನೆ. ಬೋರ್ ಆದ ಹೊಸತರಲ್ಲಿ 40 ಹಾಕಿದ್ದೆ. ಎರಡು ಮೂರು ವರ್ಷದಿಂದ ಹೊಸ ತಲೆನೋವು ಎಥನಾಲ್. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೀರು ಹೆಚ್ಚಾದರೆ ಅದರ ಜೊತೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ನಮ್ಮೂರಿನ ಜುಲೈ ಗಾಳಿಯಲ್ಲಿ ಹೀರಲು ತೇವಕ್ಕೇನು ಕೊರತೆ? ಹಿಂದಿನ ವರ್ಷ ಟ್ಯಾಂಕಿನ ಕಾಕ್ (ಪೆಟ್ರೋಲ್ ನಲ್ಲಿ) ಒಳಗಿನ ರಬ್ಬರ್ ಉಬ್ಬಿ ಪೆಟ್ರೋಲ್ ಹರಿವೇ ನಿಂತಿತ್ತು. ಪೈಪು, ಕಾಕ್ ವಾಷರ್, ಕಾರ್ಬುರೇಟರ್ ಸೂಜಿ ಎಲ್ಲವನ್ನೂ ಎಥನಾಲ್ ತಡೆಯುವ ರಬ್ಬರಿನದಕ್ಕೆ ಬದಲಾಯಿಸಿದೆ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಇಡುವುದಿಲ್ಲ, ಖಾಲಿ ಜಾಗದ ಗಾಳಿಯಿಂದಲೇ ತುಕ್ಕು. ಮನೆ ಮುಟ್ಟುವ ಅರ್ಧ ಕಿಲೋಮೀಟರ್ ಮೊದಲು ಕಾಕ್ ಮುಚ್ಚಿ ಕಾರ್ಬುರೇಟರ್ ಒಣಗಿಸಿಯೇ ನಿಲ್ಲಿಸುವುದು.

ಮಾವನ ಮಾತಿನಂತೆ ನನ್ನ ಸರ್ವಿಸ್ ಈಗ ಮಳೆ ನಕ್ಷತ್ರದ ಪ್ರಕಾರ. ಮೃಗಶಿರ ಹುಟ್ಟುವ ಮೊದಲು ಕೇಬಲ್‌ಗಳಿಗೆ ಎಣ್ಣೆ. ಹಾಳೆ ಸುತ್ತಿ ಕೊಳವೆ ಮಾಡಿ, ಕೇಬಲಿನ ಮೇಲಿನ ತುದಿಗೆ ಕಟ್ಟಿ, ಒಂದು ಚಮಚ ಆಯಿಲ್ ಹುಯ್ದು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಕೆಳತುದಿಯಲ್ಲಿ ಹನಿ ಕಾಣುತ್ತದೆ. ವೈರಿನ ಪ್ರತಿ ಜೋಡಣೆಗೂ ವ್ಯಾಸ್ಲೀನ್. ಆರಿದ್ರಾದಿಂದ ಆಶ್ಲೇಷದವರೆಗೆ ಹದಿನೈದು ದಿನಕ್ಕೊಮ್ಮೆ ಪಾಯಿಂಟ್ ಮತ್ತು ಗೇರ್ ಆಯಿಲ್ ನೋಡುವುದು. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಆ ದಿನವೇ ಬದಲಾಯಿಸುತ್ತೇನೆ. ದೊಡ್ಡ ಕೆಲಸ ಕಾಫಿ ಕುಯ್ಲು ಮುಗಿದ ಮೇಲೆ, ಫೆಬ್ರವರಿ ಬಿಸಿಲಲ್ಲಿ. ಸೈಲೆನ್ಸರ್ ಬಿಚ್ಚಿ ಒಳಗಿನ ಕೊಳವೆಯ ಮಸಿ ಸುಟ್ಟು ತೆಗೆಯುವುದು, ಹೆಡ್ ಮತ್ತು ಎಕ್ಸಾಸ್ಟ್ ಬಾಯಿಯ ಕಾರ್ಬನ್ ಕೆರೆಯುವುದು. ಕೆರೆಯಲು ಬಿದಿರಿನ ಚೂರೇ ಆಗಬೇಕು. ಕಬ್ಬಿಣ ತಾಗಿದರೆ ಪಿಸ್ಟನ್ ಗೀರುತ್ತದೆ. ಈ ಕೆಲಸ ಮುಗಿಸಿ ಓಡಿಸಿದ ಮೊದಲ ದಿನ ಗಾಡಿಗೆ ಏರು ಅನ್ನುವುದೇ ಗೊತ್ತಾಗುವುದಿಲ್ಲ. ವರ್ಷದಲ್ಲಿ ನಾನು ಕಾಯುವ ದಿನ ಅದು.

ಸಾಮಾನು ಸಿಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಸಿಗುತ್ತದೆ. ಮೈಸೂರು, ಬೆಂಗಳೂರಿನ ಜೆ.ಸಿ. ರಸ್ತೆ, ಕೆಲವು ಅಂಚೆಯಲ್ಲೂ. ಗುಣಮಟ್ಟ ಮಾತ್ರ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಬೇಕು. ಎಲ್ಲಿಯದೋ ಡೂಪ್ಲಿಕೇಟ್ ಕ್ಲಚ್ ಪ್ಲೇಟ್ ಒಮ್ಮೆ ನಾಲ್ಕು ತಿಂಗಳಿಗೇ ಕಾರ್ಕ್ ಉದುರಿಸಿತ್ತು. ಹಾಕುವ ಮೊದಲು ಕಾರ್ಕ್ ಪ್ಲೇಟನ್ನು ಒಂದು ರಾತ್ರಿ ಆಯಿಲಿನಲ್ಲಿ ನೆನೆಸಿಡಿ, ಒಣಗಿದ್ದು ಹಾಕಿದರೆ ಸುಡುತ್ತದೆ.

ಮೈಲೇಜ್ 25ರಿಂದ 28. ಗಂಟೆಗೆ 60ರಲ್ಲಿ ಹಾಯಾಗಿ ಹೋಗುತ್ತದೆ, ಅದರ ಮೇಲೆ ನಾನು ಒತ್ತುವುದಿಲ್ಲ. ಹೆಡ್‌ಲೈಟ್ ಬೆಳಕು ಮಂಜಿಗೆ ಸಾಲದು. ಕಾಗದಪತ್ರದ ಖರ್ಚೂ ಏರುತ್ತಿದೆ. 2021ರಲ್ಲಿ ನೋಂದಣಿ ನವೀಕರಣದ ಶುಲ್ಕ 300 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 1,000 ಆಯಿತು, 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಲ್ಲಿ 2,000 ಮಾಡಿದರು. ನನ್ನದು 2026ರಲ್ಲಿ ಮತ್ತೆ ಬರುತ್ತದೆ, ಕಟ್ಟುತ್ತೇನೆ.

ದಿನಕ್ಕೆ ಐವತ್ತು ಕಿಲೋಮೀಟರ್ ಆಫೀಸಿಗೆ ಓಡಾಡುವವರಿಗೆ, ಕೈಗೆ ಮಸಿ ಆಗಬಾರದು ಅನ್ನುವವರಿಗೆ ಇದನ್ನು ತಗೊಳ್ಳಿ ಅನ್ನಲಾರೆ. ತಗೊಳ್ಳಲೇಬೇಕೆಂದು ಮನಸ್ಸು ಮಾಡಿದವರಿಗೆ ಇಷ್ಟು: ಬರುವುದಾಗಿ ಮಾರುವವರಿಗೆ ಮೊದಲೇ ಹೇಳಿ, ಆದರೆ ಗಾಡಿ ಸ್ಟಾರ್ಟ್ ಮಾಡದೆ ಹಾಗೇ ಇಡಲು ತಿಳಿಸಿ. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಟ್ಟು ನೋಡಿ, ತಣ್ಣಗಿರಬೇಕು. ಎಂಜಿನ್ ಮತ್ತು ಚಾಸಿ ನಂಬರ್ ಆರ್‌ಸಿಯ ಜೊತೆ ತಾಳೆ ಮಾಡಿ. ಸ್ಟಾರ್ಟ್ ಮಾಡಿಸಿ ಹತ್ತು ನಿಮಿಷ ಓಡಿಸಿ ಬಂದು ಆಕ್ಸಿಲರೇಟರ್ ಬಿಡಿ. ಶಬ್ದ ಕೂಡಲೇ ಇಳಿದರೆ ಬಲಗಡೆಯ ಸೀಲಿನ ಬಗ್ಗೆ ಅರ್ಧ ಧೈರ್ಯ. ಹತ್ತು ನಿಮಿಷ ಕಳೆದ ಮೇಲೂ ಬಿಳಿ ಹೊಗೆ ಕಡಿಮೆಯಾಗದಿದ್ದರೆ ಎಡಗಡೆಯದು ಹೋಗಿದೆ ಎಂದೇ ಇಟ್ಟುಕೊಂಡು, ಎಂಜಿನ್ ಇಳಿಸುವ ಖರ್ಚನ್ನು ಕಳೆದು ಬೆಲೆ ಮಾತಾಡಿ.