ಓಡುವಾಗ ಪಾದ ಜೋಮು ಹಿಡಿದರೆ: ಲೇಸ್ ಬದಲಿಸುವುದೋ, ಶೂ ಬದಲಿಸುವುದೋ?

ಹೊಸ ಶೂಗೆ ದುಡ್ಡು ಸುರಿಯುವ ಮೊದಲು ಜೋಮು ಎಲ್ಲಿ ಹಿಡಿಯುತ್ತದೆ ನೋಡಿ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಆದರೆ ಲೇಸ್ ನರವನ್ನು ಒತ್ತುತ್ತಿರುವ ಸಾಧ್ಯತೆ ಹೆಚ್ಚು. ಇದಕ್ಕೆ ಖರ್ಚಿಲ್ಲ. ಲೇಸ್ ಬಿಚ್ಚಿ, ಒತ್ತುವ ಜಾಗದಲ್ಲಿ ಮಾತ್ರ ಅಡ್ಡ ಹಾಯಿಸದೆ ಎರಡೂ ಬದಿಯಲ್ಲಿ ನೇರ ಮೇಲಿನ ತೂತಿಗೆ ಏರಿಸಿ. ಆಮೇಲೆ ಎಂದಿನಂತೆ ಕಟ್ಟಿ. ಗಂಟಿನಡಿ ಒಂದು ಬೆರಳು ತೂರಬೇಕು.

ಮೂರು ಮತ್ತು ನಾಲ್ಕನೇ ಬೆರಳ ನಡುವೆ ಉರಿ, ಜೋಮು ಇದ್ದರೆ ಲೇಸಿನ ಆಟ ಸಾಲದು. ಮುಂಭಾಗ ಅಗಲವಿರುವ ಶೂ ಬೇಕು. ಸಂಜೆ, ಪಾದ ತುಸು ಊದಿರುವಾಗ, ಓಡುವ ಸಾಕ್ಸ್ ಹಾಕಿಯೇ ಅಳತೆ ನೋಡಿ. ಉದ್ದದ ಬೆರಳಿನ ಮುಂದೆ ಕೈ ಹೆಬ್ಬೆರಳಿನಗಲ ಜಾಗವಿರಲಿ. ಶಿರಸಿ ಕಡೆಯಿಂದ ದೇವಿಮನೆ ಘಟ್ಟ ಇಳಿಯುವವರಿಗೆ ಎರಡೂ ಬೇಕು: ಇಳಿಜಾರಿನಲ್ಲಿ ಪಾದ ಮುಂದೆ ಜಾರುತ್ತದೆ, ಅದನ್ನು ತಡೆಯಲೆಂದು ಲೇಸ್ ಬಿಗಿದರೆ ಮತ್ತೆ ನರಕ್ಕೇ ಪೆಟ್ಟು. ಕೊನೆಯ ತೂತನ್ನಷ್ಟೇ ಬಿಗಿಯಿರಿ.

ಓಡುವಾಗ ಮೀನಖಂಡ ಹಿಡಿದುಕೊಳ್ಳುವವರು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಒಣ ಮರಳು ಬಿಟ್ಟು, ಇಳಿತದ ಹೊತ್ತಿನ ಗಟ್ಟಿ ಮರಳಲ್ಲಿ ಓಡಿ. ಇಳಿಜಾರಾದ ಅಂಚು ಬೇಡ.

ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಕೆಳಗಾಲು ಬಿಗಿದು, ಪಾದ ಜೋಮು ಹಿಡಿದು, ನಿಂತ ಸ್ವಲ್ಪ ಹೊತ್ತಿಗೆ ಇಳಿಯುತ್ತದೆಯೇ? ಅದು ಕೆಳಗಾಲಿನ ಸ್ನಾಯುಗಳನ್ನು ಸುತ್ತಿದ ಬಿಗಿ ಪೊರೆಯೊಳಗೆ ಒತ್ತಡ ಏರುವುದರಿಂದ ಇರಬಹುದು. ಲೇಸ್, ಶೂ ಎರಡೂ ಬಿಟ್ಟು ಮೂಳೆ ವೈದ್ಯರನ್ನು ಕಾಣಿ. ನಿಂತರೂ ನೋವು ಏರುತ್ತಲೇ ಹೋದರೆ, ಪಾದ ಮೇಲೆತ್ತಲು ಆಗದಿದ್ದರೆ ಅಂದೇ, ತಕ್ಷಣ ಆಸ್ಪತ್ರೆಗೆ ಹೋಗಿ.